‘ಆಲು’ ಎಂದರೆ ಆಲೂಗಡ್ಡೆಯಲ್ಲ

ಬೆಳಗಿನ ಐದೂಕಾಲು ಗಂಟೆ. ಹನುಮಂತನಪಟ್ಟಿಯ ದ್ರಾಕ್ಷಿ ಚಪ್ಪರಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ಏಲಕ್ಕಿ ತೋಟದ ಕೂಲಿಯವರನ್ನು ತುಂಬಿಕೊಂಡ ಜೀಪುಗಳು ಮುಖ್ಯರಸ್ತೆಯಲ್ಲಿ ಹಾರನ್ ಹೊಡೆಯುತ್ತ ಗೂಡಲೂರಿನ ಕಡೆಗೆ, ಅಲ್ಲಿಂದಾಚೆ ಕುಮಳಿ ಘಾಟಿಗೆ ಓಡುತ್ತಿವೆ. ಮಣಿಮೇಗಲೈ ಟೀಚರ್ ನಡುಮನೆಯಲ್ಲಿ ಚಾಪೆ ಹಾಸಿ, ಊಟದ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಾರೆ. ತಲೆಗೂದಲು ಇನ್ನೂ ಒದ್ದೆ. ತರಗತಿ ಶುರುವಾಗಲು ಕಾಲು ಗಂಟೆ ಇದ್ದರೂ ಪರದೆಯಿಂದ ಕಣ್ಣು ಕೀಳುತ್ತಿಲ್ಲ.

“ಇವತ್ತು ಬತ್ತಾಳಾ ಆ ಪುಳ್ಳೆ?” ಎಂದು ಬಾಗಿಲಲ್ಲಿ ನಿಂತ ಪತಿ ಕರುಪ್ಪಯ್ಯ ಕೇಳುತ್ತಾರೆ. ತೋಟಕ್ಕೆ ಹೊರಟವರು, ಕೈಯಲ್ಲಿ ಬಳ್ಳಿ ಸವರುವ ಕತ್ತರಿ. ಪುಳ್ಳೆ ಎಂದರೆ ಮಗು.

“ಬರೋದು ದಿನಾ ಬತ್ತಾಳೆ. ಬಾಯಿ ಬುಡ್ತಾಳಾ ಅಂತ ಕೇಳಿ.”

ಈ ಪುಳ್ಳೆ ಗೂಡಲೂರಿನ ಯುವಶ್ರೀ. ಹನ್ನೆರಡು ವರ್ಷ, ಏಳನೇ ತರಗತಿ. ತಪ್ಪದೆ ತರಗತಿಗೆ ಬರುತ್ತಾಳೆ, ಆದರೆ ಐದು ವಾರಗಳಿಂದ ಒಂದು ಮಾತೂ ಆಡಿಲ್ಲ. ಕ್ಯಾಮೆರಾ ಮುಚ್ಚಿರುತ್ತದೆ, ಮೈಕಿನ ಮೇಲೆ ಅಡ್ಡಗೆರೆ. ಅದಕ್ಕಿಂತ ಕೆಟ್ಟ ಸುದ್ದಿ ಎಂದರೆ, ಮನೆಯಲ್ಲೂ ಅಜ್ಜಿಯೊಂದಿಗೆ ಕನ್ನಡ ನಿಲ್ಲಿಸಿದ್ದಾಳೆ. ಏನು ಕೇಳಿದರೂ ತಮಿಳಿನಲ್ಲೇ ಉತ್ತರ. ಇದಕ್ಕೆಲ್ಲ ತಾವೇ ಕಾರಣ ಎಂದು ಟೀಚರ್ ನಂಬಿದ್ದಾರೆ. ಇವತ್ತೂ ಆ ಹುಡುಗಿ ಮಾತಾಡದಿದ್ದರೆ ತರಗತಿಯನ್ನೇ ಮುಚ್ಚುತ್ತೇನೆ ಎಂದು ನಿನ್ನೆ, ಈ ತರಗತಿಯ ಬಗ್ಗೆ ಬರೆಯಲು ಬಂದಿರುವ ನನಗೂ ಹೇಳಿದರು, ಗಂಡನಿಗೂ ಹೇಳಿದರು.

“ಇಪ್ಪತ್ತೇಳು ಪುಳ್ಳೆಗಳಲ್ಲಿ ಒಂದು ಸುಮ್ನಾದ್ರೆ ಮಿಕ್ಕ ಇಪ್ಪತ್ತಾರು ಏನ್ ತಪ್ಪು ಮಾಡಿದ್ವು?” ಎಂದು ಕರುಪ್ಪಯ್ಯ ಕೇಳಿದ್ದು ನ್ಯಾಯವಾಗಿಯೇ ಇತ್ತು. ಟೀಚರ್ ಕೊಟ್ಟ ಉತ್ತರವನ್ನು ನಾನು ಹಾಗೇ ಬರೆದುಕೊಂಡಿದ್ದೇನೆ: “ಮಿಕ್ಕೋರು ಕನ್ನಡ ಬರ್ದೆ ಬಂದೋರು. ಇವ್ಳು ಮಾತಾಡ್ಕೊಂಡೇ ಬಂದೋಳು. ಕಲ್ಸಕ್ಕೆ ಓಗಿ ಇದ್ದ ಮಾತ್ನೂ ನಿಲ್ಸಿಬುಟ್ಟೆ. ಇಂಥ ಪಾಡ ಯಾಕೆ ನಡೆಸ್ಬೇಕು?” ಪಾಡ ಎಂದರೆ ಪಾಠ.

ಮಣಿಮೇಗಲೈ ಅವರಿಗೆ ಐವತ್ಮೂರು ವರ್ಷ. ಇಪ್ಪತ್ತಾರು ವರ್ಷಗಳಿಂದ ತಮಿಳು ಟೀಚರ್. ಹೌದು, ತಮಿಳು. ತೇನಿ ಕಡೆಯ ಒಂದು ಹೈಸ್ಕೂಲಿನಲ್ಲಿ ದಿನಕ್ಕೆ ಐದು ಪೀರಿಯಡ್ ತಮಿಳು ಪಾಠ ಮಾಡುತ್ತಾರೆ, ಆ ಭಾಷೆಯನ್ನು ಪ್ರಾಣದಷ್ಟು ಪ್ರೀತಿಸುತ್ತಾರೆ. ಮನೆಮಾತು ಮಾತ್ರ ಕನ್ನಡ. ನೂರಾರು ವರ್ಷಗಳ ಹಿಂದೆ ತಮಿಳು ಸೀಮೆಯ ಈ ಕಂಬಂ ಕಣಿವೆಗೆ ಬಂದು ನೆಲ ಹಸನು ಮಾಡಿ ನೆಲೆನಿಂತ ಒಕ್ಕಲು ಕುಟುಂಬಗಳ ಕನ್ನಡ ಅದು. ಒಲೆಯ ಮುಂದೆ, ಗದ್ದೆಯಲ್ಲಿ, ಜಗಳದಲ್ಲಿ ಬಳಕೆಯಾಗಿ ಉಳಿದಿದೆ. ಬರೆಯುವುದಿದ್ದರೆ ಎಲ್ಲರದ್ದೂ ತಮಿಳು ಲಿಪಿ. ಅವರ ತಾಯಿ ಕನ್ನಡ ಅಕ್ಷರವನ್ನು ಕಣ್ಣಿಂದ ನೋಡದೆಯೇ ತೀರಿಕೊಂಡರು. ಟೀಚರ್ ಕನ್ನಡ ಲಿಪಿ ಕಲಿತದ್ದು ನಲವತ್ತೊಂದನೇ ವಯಸ್ಸಿನಲ್ಲಿ, ಅಂಚೆಯಲ್ಲಿ ತರಿಸಿಕೊಂಡ ಪಾಠಪುಸ್ತಕಗಳಿಂದ.

“ಪುಳ್ಳೆಗಳಿಗೆ ಅರ್ಥ ಆಯ್ತದೆ. ಬಾ ಅಂದ್ರೆ ಬತ್ತಾವೆ, ಊಟ ಮಾಡು ಅಂದ್ರೆ ಮಾಡ್ತಾವೆ. ಆನಾ ಬಾಯಿ ತೆಗೆದ್ರೆ ತಮಿಳು. ಇನ್ನೊಂದು ತಲೆ ಕಳುದ್ರೆ ಅರ್ಥನೂ ಆಗಲ್ಲ,” ಎನ್ನುತ್ತಾರೆ. ನಡುವೆ ಬಂದ ‘ಆನಾ’ ಎಂದರೆ ತಮಿಳಿನ ‘ಆದರೆ’. ಇವರ ಮಾತಿನಲ್ಲಿ ಎರಡು ಭಾಷೆಗಳು ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

ಹೀಗೆ ಮೂರು ವರ್ಷಗಳ ಹಿಂದೆ ಈ ಆನ್‌ಲೈನ್ ತರಗತಿ ಶುರುವಾಯಿತು. ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಐದೂವರೆಯಿಂದ ಆರೂಕಾಲರವರೆಗೆ. ಅದಕ್ಕಿಂತ ತಡವಾದರೆ ಮಕ್ಕಳು ಟ್ಯೂಷನ್ನಿಗೆ ಓಡುತ್ತಾರೆ, ನೆಟ್‌ವರ್ಕೂ ಕೈಕೊಡುತ್ತದೆ. ಈಗ ಇಪ್ಪತ್ತೇಳು ಮಕ್ಕಳಿದ್ದಾರೆ. ಕಂಬಂ, ಗೂಡಲೂರು, ತೇನಿಯವರು ಹೆಚ್ಚು, ನಾಲ್ವರು ದಿಂಡಿಗಲ್ಲಿನವರು. ಟೀಚರ್ ಏಳುವುದು ನಾಲ್ಕಕ್ಕೆ. ಅಡುಗೆ, ಸ್ನಾನ, ತರಗತಿ ಮುಗಿಸಿ ಏಳೂಮುಕ್ಕಾಲಿನ ಬಸ್ಸು ಹಿಡಿಯುತ್ತಾರೆ. ಮೂರು ವರ್ಷದಲ್ಲಿ ತರಗತಿ ತಪ್ಪಿಸಿದ್ದು ಹನ್ನೊಂದು ದಿನವಂತೆ, ಅದರಲ್ಲಿ ಏಳು ದಿನ ಕರೆಂಟ್ ಇರಲಿಲ್ಲ.

ಇದನ್ನೆಲ್ಲ ಅವರಿಗೆ ಕಲಿಸಿದ್ದು ಅದೇ ಶಾಲೆಯ ಕಂಪ್ಯೂಟರ್ ಟೀಚರ್ ಜೆಯಲಕ್ಷ್ಮಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಡಬ್ಬಿ ಬಿಚ್ಚಿಟ್ಟುಕೊಂಡೇ ಪಾಠ. “ಮೌಸನ್ನು ಹಿಡಿದರೆ ಹಾವು ಹಿಡಿದ ಹಾಗೆ ಹಿಡಿಯುತ್ತಿದ್ದಳು,” ಎಂದು ಜೆಯಲಕ್ಷ್ಮಿ ತಮಿಳಿನಲ್ಲಿ ಹೇಳಿ ನಗುತ್ತಾರೆ. ಮೊದಲನೇ ತಿಂಗಳು ಟೀಚರ್ ಹೊಸ ಗುಂಡಿಯೊಂದನ್ನು ಒತ್ತುವ ಮುನ್ನ ಜೆಯಲಕ್ಷ್ಮಿಯ ಮುಖ ನೋಡುತ್ತಿದ್ದರಂತೆ.

ಮೊದಲ ದಿನ ತರಗತಿಯ ಗುಂಪಿನಲ್ಲಿ ಅವರು ಹಾಕಿದ ಬ್ಯಾನರನ್ನು ನಾನು ನೋಡಿದೆ. ‘ಥಾಯ್ನುಡಿ ಥರಗಥಿಗೆ ಸ್ವಾಗಥ’ ಎಂದಿದೆ. ತಪ್ಪು ಯಾರದ್ದೂ ಅಲ್ಲ. ಈ ಕಡೆಯವರು ಇಂಗ್ಲಿಷ್ ಅಕ್ಷರದಲ್ಲಿ ‘ತ’ ಬರೆಯುವಾಗ ಜೊತೆಗೊಂದು ‘ಎಚ್’ ಸೇರಿಸಿಯೇ ಸೇರಿಸುತ್ತಾರೆ. ತೇನಿ ಊರಿನ ಬೋರ್ಡಿನಲ್ಲೂ ಹಾಗೇ ಇದೆ. ಕನ್ನಡದ ಕೀಬೋರ್ಡಿಗೆ ಅದೇ ಅಭ್ಯಾಸದಲ್ಲಿ ಹೊಡೆದರೆ ‘ತ’ ಎಲ್ಲ ‘ಥ’ ಆಗಿ ಎದ್ದು ಕೂರುತ್ತದೆ. ಆ ಎಚ್ ಬಿಡಿಸಿಕೊಳ್ಳಲು ಟೀಚರಿಗೆ ಎರಡು ತಿಂಗಳು ಹಿಡಿಯಿತು. ಅದನ್ನೇ ಒಂದು ಪಾಠ ಮಾಡಿ ಮಕ್ಕಳನ್ನು ನಗಿಸಿದರು.

ಕೀಬೋರ್ಡಿನಲ್ಲಿ ಬೇಡದ ಕಡೆ ಬಂದ ಹಕಾರ ಬಾಯಲ್ಲಿ ಬೇಕಾದ ಕಡೆ ಇರಲಿಲ್ಲ. ಈ ಕಣಿವೆಯ ಕನ್ನಡದಲ್ಲಿ ಹಾಲು ‘ಆಲು’, ಹೂವು ‘ಊವು’, ಹೋಗು ‘ಓಗು’. ಕರ್ನಾಟಕದ ಹಳ್ಳಿಗಳಲ್ಲೇನು ಬೇರೆಯೇ? ನಮ್ಮಜ್ಜಿಯೂ ಆಲು ಎನ್ನುತ್ತಿದ್ದಳು, ನಾವು ಮೊಮ್ಮಕ್ಕಳು ಅಣಕಿಸುತ್ತಿದ್ದೆವು. ನಿನ್ನೆ ಟೀಚರ್ ನನಗೆ ಲೋಟ ಕೊಟ್ಟು “ಆಲು ಕುಡೀರಿ” ಎಂದಾಗಲೂ ನನ್ನ ತುಟಿಯ ಕೊನೆ ಅಲುಗಿತು. ಅವರು ಅದನ್ನು ನೋಡಿದರು. ನಾಚಿಕೆಯಾಯಿತು ನನಗೆ.

ಐದು ವಾರಗಳ ಹಿಂದೆ ಟೀಚರಿಗೆ ಹೊಸ ಜಾಲತಾಣವೊಂದು ಸಿಕ್ಕಿತು. ಮೈಕಿನಲ್ಲಿ ಕನ್ನಡ ಮಾತಾಡಿದರೆ ಅದು ಕೇಳಿಸಿಕೊಂಡು ಅಕ್ಷರದಲ್ಲಿ ಬರೆದು ತೋರಿಸುತ್ತದೆ, ಪಕ್ಕದಲ್ಲಿ ಚಿತ್ರ ಮೂಡುತ್ತದೆ. ಉಚ್ಚಾರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಯಾರ ಸಹಾಯವೂ ಇಲ್ಲದೆ ತಾವೇ ಹುಡುಕಿ ತೆಗೆದ ಮೊದಲ ಜಾಲತಾಣ ಅದು, ಹಾಗಾಗಿ ಅವರಿಗೆ ಭಾರಿ ಹೆಮ್ಮೆ. ಮಕ್ಕಳಿಗೆ ತೋರಿಸಲು ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳನ್ನೇ ಮೊದಲು ಕರೆದರು.

ಯುವಶ್ರೀ ಉತ್ಸಾಹದಿಂದ ಮೈಕ್ ತೆಗೆದು ಹೇಳಿದಳು: “ಅಮ್ಮಾಯಿ ಆಲು ಕಾಯಿಸ್ತಾಳೆ.” ತಾಯಿಯ ತಾಯಿಯನ್ನು ಇಲ್ಲಿ ಅಮ್ಮಾಯಿ ಎನ್ನುತ್ತಾರೆ. ಪರದೆಯ ಮೇಲೆ ದಪ್ಪ ಕೆಂಪು ಗೆರೆ ಎಳೆದು ‘ಆಲೂ’ ಎಂದು ಬಂತು, ಪಕ್ಕದಲ್ಲಿ ದೊಡ್ಡದೊಂದು ಆಲೂಗಡ್ಡೆ. ಇಪ್ಪತ್ತಾರು ಕಿಟಕಿಗಳಲ್ಲಿ ಇಪ್ಪತ್ತಾರು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರೂ ನಕ್ಕರು. ನಕ್ಕು, “ಕಣ್ಣು, ಅದು ತಪ್ಪು, ಹಾಲು ಅನ್ನು, ಹಾ-ಲು” ಎಂದು ತಿದ್ದಿದರು. ಇಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವುದು ‘ಕಣ್ಣು’ ಎಂದೇ. ಹುಡುಗಿ ಇನ್ನೆರಡು ಸಲ ಹೇಳಿದಳು. ಎರಡು ಸಲವೂ ಆಲೂಗಡ್ಡೆಯೇ ಬಂತು. ಮೂರನೇ ಸಲ ಅವಳ ಮೈಕ್ ಮುಚ್ಚಿತ್ತು, ಕ್ಯಾಮೆರಾ ಕೂಡ.

ಮುಂದಿನ ತರಗತಿಗಳಲ್ಲಿ ಟೀಚರ್ ಹಕಾರದ ಅಭ್ಯಾಸ ಮಾಡಿಸಿದರು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹಾ, ಹೂ, ಹೋ ಎಂದು ಉಸಿರು ತಾಗಿಸಿಕೊಳ್ಳುವ ಆಟ. ಉಳಿದವರು ಕುಣಿದಾಡಿ ಕಲಿತರು. ಯುವಶ್ರೀಯ ಕಪ್ಪು ಕಿಟಕಿಯಿಂದ ಸದ್ದಿಲ್ಲ. ಎರಡು ವಾರ ಕಳೆದ ಮೇಲೆ ಅವಳ ತಾಯಿ ಫೋನ್ ಮಾಡಿ ಮನೆಯ ಕಥೆ ಹೇಳಿದರು. ಹುಡುಗಿ ಆ ದಿನವೇ ಅಮ್ಮಾಯಿಯ ಮುಂದೆ ನಿಂತು, “ನೀನು ಮಾತಾಡೋದೆಲ್ಲ ತಪ್ಪಂತೆ, ನಿನ್ನಿಂದ ನಂಗೂ ತಪ್ಪೇ ಬಂತು” ಎಂದು ಅತ್ತಿದ್ದಾಳೆ. ಆಮೇಲೆ ಕನ್ನಡವೇ ಬಂದ್.

ನಿನ್ನೆ ಸಂಜೆ ಟೀಚರ್ ಜೊತೆ ನಾನೂ ಗೂಡಲೂರಿಗೆ ಹೋದೆ. ಅಜ್ಜಿ ವೆಳ್ಳೈಯಮ್ಮಾಳ್ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಎಪ್ಪತ್ತಾರು ವರ್ಷ, ಚುರುಕಾದ ಕಣ್ಣು. ಟೀಚರ್ ಫೋನ್ ತೆಗೆದು, “ನೀವು ಮಾತಾಡೋದ್ನ ಇದ್ರಲ್ಲಿ ತುಂಬ್ಕೊಂಡು ಪುಳ್ಳೆಗಳಿಗೆ ಪಾಡ ಮಾಡ್ಬೇಕು ತಾಯಿ,” ಎಂದರು. ಅಜ್ಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನನ್ ಬಾಯಲ್ಲಿ ಬರೋದು ತಪ್ಪಂತಲ್ಲಮ್ಮಾ. ತಪ್ಪನ್ನ ಯಾಕೆ ತುಂಬ್ಕೋತೀರಿ?”

ಟೀಚರ್ ಏನೋ ಹೇಳಲು ಹೋದರು. ಅಜ್ಜಿ ತಡೆದರು. “ನಮ್ಮವ್ವ ಏಳಿಕೊಟ್ಟ ಮಾತು. ಅದ್ರಲ್ಲೇ ಬದುಕ್ದೆ, ಅದ್ರಲ್ಲೇ ಐದು ಮಕ್ಕಳ್ನ ಸಾಕ್ದೆ. ಇಷ್ಟು ವರ್ಸ ತಪ್ಪು ಮಾತಾಡ್ಕೊಂಡೇ ಇದ್ನಾ? ಈಗ ಪೇತ್ತಿ ಕೂಡ ತಮಿಳೇ ಮಾತಾಡ್ತೀನಿ. ಸಂತೆಗೆ ಓದಾಗ ಮಾತಾಡ್ತಿದ್ದ ತಮಿಳು. ಅದ್ರಲ್ಲಿ ಕೊಂಚಕ್ಕೆ ಬರಲ್ಲ ನಂಗೆ.” ಪೇತ್ತಿ ಎಂದರೆ ಮೊಮ್ಮಗಳು, ‘ಕೂಡ’ ಎಂದರೆ ಇಲ್ಲಿ ಜೊತೆ, ಕೊಂಚುವುದು ಎಂದರೆ ಮುದ್ದು ಮಾಡುವುದು. ಬಾಗಿಲ ಹಿಂದೆ ಹಸಿರು ಲಂಗದ ಅಂಚು ಕಾಣುತ್ತಿತ್ತು. ಹುಡುಗಿ ಅಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ತಪ್ಪು ನಿಮ್ದಲ್ಲ ತಾಯಿ, ನಂದು,” ಎಂದರು ಟೀಚರ್.

“ನಂಗ್ಯಾಕೆ ಏಳ್ತೀರಿ? ನಕ್ಕೋರ ಮುಂದೆ ಏಳಿ,” ಎಂದು ಅಜ್ಜಿ ಮೊರವೆತ್ತಿಕೊಂಡು ಒಳಗೆ ಹೋದರು. ವಾಪಸು ಬರುವ ಬಸ್ಸು ಉತ್ತಮಪಾಳಯಂ ದಾಟಿದ ಮೇಲೆ ಟೀಚರ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ನಾಳೆ ಏಳ್ತೀನಿ. ಅದಾದ್ಮೇಲೂ ಆ ಪುಳ್ಳೆ ಬಾಯಿ ಬುಡ್ದಿದ್ರೆ ಸಾಕು, ಮುಚ್ಚಿಬುಡ್ತೀನಿ,” ಎಂದರು.

ಅದಕ್ಕೇ ಇವತ್ತಿನ ಈ ಬೆಳಗು ಇಷ್ಟು ಬಿಗಿಯಾಗಿದೆ. ಐದೂವರೆಗೆ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆಕಳಿಸುವವರು, ತಲೆ ಬಾಚಿಸಿಕೊಳ್ಳುತ್ತಿರುವವರು, ಅಮ್ಮನ ಮಡಿಲಲ್ಲೇ ಕುಳಿತ ಇಬ್ಬರು. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತಾರು. ಟೀಚರ್ ಹಾಜರಿ ಕರೆಯದೆ ಕಾಯುತ್ತಾರೆ. ಐದು ನಲವತ್ತೊಂದಕ್ಕೆ ಇಪ್ಪತ್ತೇಳನೆಯ ಕಿಟಕಿ ಬರುತ್ತದೆ. ಕಪ್ಪು ಚೌಕ, ನಡುವೆ ‘ಯು’ ಎಂಬ ಒಂದೇ ಅಕ್ಷರ, ಮೈಕಿನ ಮೇಲೆ ಅಡ್ಡಗೆರೆ.

ಟೀಚರ್ ಆ ಜಾಲತಾಣವನ್ನೇ ಮತ್ತೆ ತೆರೆದು ಎಲ್ಲರಿಗೂ ಕಾಣುವಂತೆ ಪರದೆ ಹಂಚುತ್ತಾರೆ. ಮಕ್ಕಳಲ್ಲಿ ಗುಸುಗುಸು. ಅವರು ಮೈಕಿನ ಗುಂಡಿ ಒತ್ತುತ್ತಾರೆ. ಪುಸ್ತಕದ ಕನ್ನಡವನ್ನು ಪಕ್ಕಕ್ಕಿಟ್ಟು, ತಮ್ಮ ಮನೆಯ ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಾರೆ: “ನಮ್ಮವ್ವ ಆಲು ಕಾಯಿಸ್ತಿದ್ಳು.” ಪರದೆಯ ಮೇಲೆ ಕೆಂಪು ಗೆರೆ, ಆಲೂಗಡ್ಡೆ. ಯಾರೂ ನಗುವುದಿಲ್ಲ. ನಗಬೇಕೋ ಬೇಡವೋ ಎಂದು ಮಕ್ಕಳಿಗೆ ತಿಳಿಯುತ್ತಿಲ್ಲ.

“ನೋಡಿದ್ರಾ? ನಂಗೂ ಕೆಂಪು,” ಎನ್ನುತ್ತಾರೆ ಟೀಚರ್. “ಈ ಪೆಟ್ಟಿಗೆ ನಮ್ಮೂರಿಗೆ ಬಂದೇ ಇಲ್ಲೆ. ನಮ್ಮ ಅವ್ವಂದಿರು ಮಾತಾಡೋದ ಯಾರೂ ಇದಕ್ಕೆ ಕೇಳ್ಸಿಲ್ಲೆ. ಬರೆಯೋವಾಗ ಹಾಲು. ಅದು ಕಲೀಬೇಕು, ಕಲ್ಸ್ತೀನಿ. ಆನಾ ಮನೇಲಿ ಆಲು ಅಂದ್ರೆ ಅದು ತಪ್ಪಲ್ಲ. ಅವತ್ತು ತಪ್ಪು ಅಂದೋಳು ನಾನು. ನಕ್ಕೋಳೂ ನಾನೇ. ಅವತ್ತಿನ ತಪ್ಪು ನಂದು ಪುಳ್ಳೆಗಳಾ. ಯುವಶ್ರೀದಲ್ಲ, ಅವ್ಳ ಅಮ್ಮಾಯಿದೂ ಅಲ್ಲ.”

ಇಷ್ಟು ಹೇಳಿ ಅವರು ಇನ್ನೊಂದು ಪುಟ ತೆರೆಯುತ್ತಾರೆ. ಇದು ಅವರೇ ಮಾಡಿದ ರಸಪ್ರಶ್ನೆ. ಐದು ದಿನ ಊಟದ ಬಿಡುವಿನಲ್ಲಿ ಜೆಯಲಕ್ಷ್ಮಿಯ ಪಕ್ಕ ಕುಳಿತು, ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಹಾಕುವುದು ಹೇಗೆಂದು ಕಲಿತಿದ್ದಾರೆ. ಹಾಲಿನ ಚಿತ್ರಕ್ಕೆ ‘ಹಾಲು’ ಒತ್ತಿದರೂ ಹಸಿರು, ‘ಆಲು’ ಒತ್ತಿದರೂ ಹಸಿರು. ಮೊದಲನೆಯದರ ಕೆಳಗೆ ‘ಬರಹದಲ್ಲಿ’ ಎಂದಿದೆ, ಎರಡನೆಯದರ ಕೆಳಗೆ ‘ನಮ್ಮ ಮನೆಯಲ್ಲಿ’. ಹೀಗೆ ನಲವತ್ತು ಪದಗಳಿವೆ. ದಿಂಡಿಗಲ್ಲಿನ ಲೋಗೇಶ್ ಎಂಬ ಹುಡುಗ ಮೈಕ್ ತೆಗೆದು, “ಟೀಚರ್, ನಮ್ಮನೇಲಿ ಪಾಲು ಅಂತಾರೆ,” ಎಂದು ಶುದ್ಧ ತಮಿಳಿನ ಪದ ಒಪ್ಪಿಸುತ್ತಾನೆ. ನಗು ಏಳುತ್ತದೆ, ಟೀಚರ್ ಕೂಡಲೇ ಆ ಕಪ್ಪು ಚೌಕದ ಕಡೆ ನೋಡುತ್ತಾರೆ. ಅಲ್ಲಿ ಏನೂ ಬದಲಾಗಿಲ್ಲ.

ಆರು ಗಂಟೆಯಾಗುತ್ತದೆ. ಹೂವು, ಹಗ್ಗ, ಹಸು ಮುಗಿಯುತ್ತವೆ. ಟೀಚರ್ ಒಮ್ಮೆ ಮಾತ್ರ ಹೆಸರು ಹಿಡಿದು ಕರೆಯುತ್ತಾರೆ, “ಯುವಶ್ರೀ, ನೀ ಒಂದು ಏಳ್ತೀಯಾ ಕಣ್ಣು?” ಮೈಕಿನ ಅಡ್ಡಗೆರೆ ಹಾಗೇ ಇದೆ. ಹತ್ತು ಸೆಕೆಂಡ್ ಕಾಯುತ್ತಾರೆ. ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಆರು ಹತ್ತು. ತೋಟಕ್ಕೆ ಹೋಗಬೇಕಾಗಿದ್ದ ಕರುಪ್ಪಯ್ಯ ಕತ್ತರಿ ಹಿಡಿದುಕೊಂಡು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾರೆ. ಆರು ಹದಿನಾಲ್ಕಕ್ಕೆ ಟೀಚರ್ ಪುಟ ಮುಚ್ಚುತ್ತಾರೆ.

“ಸರಿ ಪುಳ್ಳೆಗಳಾ,” ಎನ್ನುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ತರಗತಿ ನಿಲ್ಲಿಸುವ ಮಾತನ್ನು ಈಗ ಹೇಳಬೇಕು, ಹೇಳಲಾಗುತ್ತಿಲ್ಲ. ಮಕ್ಕಳು ಪಿಳಿಪಿಳಿ ನೋಡುತ್ತಿದ್ದಾರೆ.

ಆಗ ಕಪ್ಪು ಚೌಕದ ಮೈಕಿನ ಅಡ್ಡಗೆರೆ ಅಳಿಸಿಹೋಗುತ್ತದೆ. ಮೊದಲು ಪಾತ್ರೆಯ ಸದ್ದು, ಜೀಪಿನ ಹಾರನ್. ಆಮೇಲೆ ಹಿಂದಿನಿಂದ, ಪರದೆ ಇಣುಕಿದ್ದಾರೋ ಏನೋ, ವೆಳ್ಳೈಯಮ್ಮಾಳ್ ಅವರ ದನಿ, ತಡವರಿಸುವ ಸಂತೆಯ ತಮಿಳಿನಲ್ಲಿ: ಟೀಚರ್ ಯಾಕೆ ಅಳುತ್ತಿದ್ದಾಳೆ, ನೀನೇನಾದರೂ ಹೇಳಿದೆಯಾ?

“ನಾನೇನೂ ಏಳ್ಲಿಲ್ಲೆ ಅಮ್ಮಾಯಿ!” ಹುಡುಗಿಯ ದನಿ ಚೂಪಾಗಿದೆ, ಸಿಟ್ಟಿದೆ, ಅಳುವೂ ಇದೆ. “ಅವ್ರೇ ಏಳಿದ್ರು, ಎಲ್ಲಾರ ಮುಂದೆನೂ ಏಳಿದ್ರು. ನೀ ಮಾತಾಡೋದು ತಪ್ಪಲ್ವಂತೆ. ನೀ ಯಾಕೆ ತಮಿಳಲ್ಲಿ ಕೇಳ್ತೀಯಾ? ನಮ್ಮ ಮಾತಲ್ಲೇ ಕೇಳು. ಅತ್ತ ಓಗು, ಮೈಕ್ ತೆಗ್ದೈತೆ!”

“ಆಲು ಉಕ್ತಾ ಐತೆ ಪಾಪಾ, ಬಂದು ಕುಡುದ್ಬುಟ್ಟು ಓದ್ಕೋ,” ಎಂದು ಅಜ್ಜಿ ಕನ್ನಡದಲ್ಲಿ ಕೂಗುತ್ತಾರೆ. “ಬತ್ತೀನಿ ಇರು,” ಎಂದು ಮೊಮ್ಮಗಳು ಕೂಗುತ್ತಾಳೆ. ಟೀಚರಿಗೆ ನಮಸ್ಕಾರವನ್ನೂ ಹೇಳದೆ ಕಿಟಕಿ ಮಾಯವಾಗುತ್ತದೆ.

ಟೀಚರ್ ಉಳಿದವರಿಗೆ ಮಂಗಳವಾರ ಐದೂವರೆಗೆ ಬನ್ನಿ ಎಂದು ಹೇಳಿ ಲ್ಯಾಪ್‌ಟಾಪ್ ಮಡಚುತ್ತಾರೆ. ಕರುಪ್ಪಯ್ಯ ತೋಟಕ್ಕೆ ಹೊರಡುತ್ತಾರೆ. ನಾನು ಸುಮ್ಮನಿರಲಾರದೆ, ಐದು ವಾರದ ಮೇಲೆ ತರಗತಿಯಲ್ಲಿ ಮಾತಾಡಿದಳಲ್ಲ, ನಿಮಗೆ ಒಂದು ಮಾತಾದರೂ ಹೇಳಿ ಹೋಗಬಹುದಿತ್ತು ಎನ್ನುತ್ತೇನೆ. ಅವರು ನನ್ನನ್ನು ಪೆದ್ದ ವಿದ್ಯಾರ್ಥಿಯ ಮುಖ ನೋಡುವ ಹಾಗೆ ನೋಡುತ್ತಾರೆ.

“ನನ್ ಕೂಡ ಮಾತಾಡ್ಲಿ ಅಂತ ಯಾರ್ ಕೇಳಿದ್ರು? ಅವ್ಳು ತನ್ ಅಮ್ಮಾಯಿ ಕೂಡ ಮಾತಾಡಿದ್ಳು.”